ಎಳೆಯುವುದು ಸರಿ, ನಿಲ್ಲಿಸುವುದು?

ಕಳೆದ ಡಿಸೆಂಬರಿನಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಊರಿಗೆ ಬಂದಿದ್ದೆ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವಾಗ ಕತ್ತಲಾಗುತ್ತಿತ್ತು. ಮುಂದೆ ಒಂದು ಪಿಕಪ್, ಅದರ ಹಿಂದೆ ಕುಣಿಯುತ್ತ ಬರುತ್ತಿದ್ದ ಕಾಂಕ್ರೀಟ್ ಮಿಕ್ಸರ್. ಮಿಕ್ಸರಿಗೆ ದೀಪವಿರಲಿಲ್ಲ, ಹೊಳೆಯುವ ಒಂದು ಸ್ಟಿಕ್ಕರ್ ಕೂಡ ಇರಲಿಲ್ಲ. ಪಿಕಪ್ಪಿನ ಹಿಂದಿನ ದೀಪಗಳನ್ನು ಅದೇ ಮುಚ್ಚಿಬಿಟ್ಟಿತ್ತು.

ಬಣಕಲ್‌ನಲ್ಲಿ ಅವರು ಚಹಾಕ್ಕೆ ನಿಂತಾಗ ನಾನೂ ನಿಲ್ಲಿಸಿ, ಬಗ್ಗಿ ಮಿಕ್ಸರನ್ನು ಪಿಕಪ್ಪಿಗೆ ಕಟ್ಟಿದ ಕೊಂಡಿಯನ್ನು ನೋಡಿದೆ. ಪಿನ್ ಇರಬೇಕಾದ ಜಾಗದಲ್ಲಿ ತಾರಸಿಗೆ ಹಾಕುವ ಕಬ್ಬಿಣದ ಸರಳಿನ ಒಂದು ತುಂಡಿತ್ತು. ಅದು ಮೇಲೇಳದಂತೆ ಬೈಂಡಿಂಗ್ ತಂತಿಯನ್ನು ಎರಡು ಸುತ್ತು ಸುತ್ತಿದ್ದರು. ಸರಳಿನ ನಡುಭಾಗ ಉಜ್ಜಿ ಉಜ್ಜಿ ಬೆಳ್ಳಗಾಗಿ, ಸೊಂಟ ಸಣ್ಣಗಾಗಿತ್ತು. ತೋರಿಸಿದರೆ ಚಾಲಕ ಹುಡುಗ, "ಇಷ್ಟು ದಿನವೂ ಹೀಗೇ ಎಳೆದಿದ್ದೇವೆ ಅಣ್ಣ, ಏನೂ ಆಗಿಲ್ಲ" ಎಂದ.

ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ನನ್ನ ಅನ್ನವೂ ಇದೇ ಕೆಲಸದಲ್ಲಿದೆ. ಅಮೆರಿಕದ ಕೊಲೊರಾಡೊದಲ್ಲಿ, ಡೆನ್ವರ್ ಸುತ್ತಮುತ್ತ, ಮನೆಗಳ ಪಾಯ ತೆಗೆಯುವ ಮಿನಿ ಹಿಟಾಚಿಯನ್ನು ಪಿಕಪ್ಪಿಗೆ ಕಟ್ಟಿ ಊರೂರಿಗೆ ಒಯ್ಯುತ್ತೇನೆ. ಯಂತ್ರ 8,000 ಪೌಂಡ್, ಟ್ರೇಲರ್ 2,500 ಪೌಂಡ್, ಎರಡೂ ಸೇರಿ ನಮ್ಮ ಲೆಕ್ಕದಲ್ಲಿ ಸುಮಾರು 4,760 ಕಿಲೊ.

ಅಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲ್ವಿಚಾರಕ ಹೇಳಿಕೊಟ್ಟ ಮೊದಲ ಪಾಠ ಟ್ರೇಲರಿನ ಒಟ್ಟು ತೂಕದಲ್ಲಿ ಶೇ 10ರಿಂದ 15 ಭಾಗ ಕೊಂಡಿಯ ಮೇಲೆ ಕೂರಬೇಕು ಎಂಬುದು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ, ಹೆಚ್ಚಾದರೆ ಪಿಕಪ್ಪಿನ ಹಿಂಬದಿ ಕುಸಿದು ಸ್ಟೀರಿಂಗ್ ಹಗುರವಾಗುತ್ತದೆ. ಕೇಳುತ್ತಿದ್ದ ಹಾಗೆ ನನಗೆ ಅಜ್ಜನ ನೆನಪಾಯಿತು. ಗಾಡಿಗೆ ಭತ್ತದ ಮೂಟೆ ಹೇರಿದ ಮೇಲೆ ಅಜ್ಜ ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ಉದ್ದ ಮರವನ್ನು, ಎರಡೂ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಒಂದು ಮೂಟೆಯನ್ನು ಗೇಣುದ್ದ ಮುಂದಕ್ಕೆ ಸರಿಸಿ, ಮತ್ತೆ ಮೂಕಿ ಹಿಡಿದು, "ಈಗ ಸರಿ" ಎನ್ನುತ್ತಿದ್ದರು. ಅಲ್ಲಿನವರು ತಕ್ಕಡಿಯಲ್ಲಿ ತೂಗುವುದನ್ನು ಅಜ್ಜ ಕೈಯಲ್ಲೇ ತೂಗುತ್ತಿದ್ದರು. ಇಳಿಜಾರಿಗೆಂದು ಆ ಗಾಡಿಯ ಚಕ್ರಕ್ಕೆ ಒತ್ತುವ ಮರದ ಬ್ರೇಕೂ ಇತ್ತು. ಎತ್ತಿನಗಾಡಿಗೆ ಇದ್ದ ಬ್ರೇಕು ಇವತ್ತಿನ ನಮ್ಮ ಟ್ರಾಕ್ಟರ್ ಟ್ರೇಲರಿಗೆ ಏಕಿಲ್ಲ?

ನನ್ನ ತಕರಾರೆಲ್ಲ ಇಲ್ಲೇ ಇದೆ. ಊರಿನಲ್ಲಿ ಗಾಡಿ ನೋಡಿದವರು ಮೊದಲು ಕೇಳುವುದು "ಎಳೆಯುತ್ತದೆಯೇ?" ಎಂದು. ಎಳೆಯುವುದಕ್ಕೆ ಇಂಜಿನ್ ಸಾಕು. ನಿಲ್ಲಿಸುವುದಕ್ಕೆ ಬೇಕಾದದ್ದನ್ನು ಯಾರೂ ಕೇಳುವುದಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಟ್ರೇಲರ್ ತೂಕ 3,000 ಪೌಂಡ್ ದಾಟಿದರೆ ಅದಕ್ಕೆ ಸ್ವಂತ ಬ್ರೇಕು ಇರಲೇಬೇಕು. ನನ್ನ ಟ್ರೇಲರಿನ ಮೂತಿಯಲ್ಲಿ ಒಂದು ಪುಟ್ಟ ಬ್ಯಾಟರಿ ಇದೆ, ಅದರ ಸ್ವಿಚ್ಚಿನಿಂದ ಒಂದು ತೆಳು ತಂತಿ ಪಿಕಪ್ಪಿಗೆ ಕಟ್ಟಿರುತ್ತದೆ. ಕೊಂಡಿ ಕಳಚಿದರೆ ತಂತಿ ಜಗ್ಗಿ ಸ್ವಿಚ್ಚಿನ ಪಿನ್ನು ಕಿತ್ತು ಬರುತ್ತದೆ, ಬ್ಯಾಟರಿಯ ಬಲದಿಂದ ಟ್ರೇಲರಿನ ಬ್ರೇಕು ತಾನೇ ಹಿಡಿಯುತ್ತದೆ. ಹಾಗೆ ಕನಿಷ್ಠ 15 ನಿಮಿಷ ಹಿಡಿದಿರಬೇಕು ಎಂದು ವಾಣಿಜ್ಯ ವಾಹನಗಳ ನಿಯಮವಿದೆ. 10,000 ಪೌಂಡ್ ಅಥವಾ ಅದಕ್ಕೂ ಹೆಚ್ಚು ತೂಗುವ ಯಂತ್ರವನ್ನು ಕನಿಷ್ಠ ನಾಲ್ಕು ಕಡೆ ಬಿಗಿಯಬೇಕು, ಬಕೆಟ್ಟನ್ನು ಇಳಿಸಿ ಅದನ್ನೂ ಕಟ್ಟಬೇಕು. ನನ್ನದು ಅಷ್ಟು ತೂಕದ್ದಲ್ಲ, ಆದರೂ ನಾಲ್ಕು ಮೂಲೆಗೆ ನಾಲ್ಕು ಸರಪಳಿ ಹಾಕದೆ ನಾನು ಹೊರಡುವುದಿಲ್ಲ.

ಆದರೆ ಕೈಚಳಕದ ಮಾತು ಬಂದರೆ ನಮ್ಮ ಘಾಟಿಯ ಚಾಲಕರಿಗೇ ನನ್ನ ಓಟು. ಕೊಲೊರಾಡೊದ ಬೆಟ್ಟದ ಹೆದ್ದಾರಿಯಲ್ಲಿರುವ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಎತ್ತರದಲ್ಲಿದೆ. ಅಲ್ಲಿಂದ ಸಿಲ್ವರ್‌ಥಾರ್ನ್ ಊರಿನ ಕಡೆಗೆ ಇಳಿಯುವಾಗ, ದೊಡ್ಡ ಪಿಕಪ್ ಕೊಂಡ ಹುರುಪಿನಲ್ಲಿ ಬ್ರೇಕ್ ತುಳಿದೇ ಇಳಿಯುವವರನ್ನು ನೋಡುತ್ತೇನೆ. ಸುಟ್ಟ ವಾಸನೆ ನನ್ನ ಗಾಡಿಯೊಳಗೂ ಬರುತ್ತದೆ. ಬ್ರೇಕು ಕಳೆದುಕೊಂಡ ಲಾರಿಗಳು ನುಗ್ಗಿ ನಿಲ್ಲಲೆಂದೇ ಆ ಇಳಿಜಾರಿನ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿಗಳಿವೆ. ಚಾರ್ಮಾಡಿಯಲ್ಲಿ ಲಾರಿ ಓಡಿಸಿದವರಿಗೆ "ಹತ್ತಿದ ಗೇರಿನಲ್ಲೇ ಇಳಿ" ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಏರಿನಲ್ಲಿ ಗಾಡಿ ನಿಂತರೆ, ಕರೆಯುವ ಮೊದಲೇ ಕ್ಲೀನರ್ ಇಳಿದು ಟೈರಿಗೆ ಕಲ್ಲು ಕೊಟ್ಟಿರುತ್ತಾನೆ. ಇಷ್ಟು ಚೆನ್ನಾಗಿ ಗಾಡಿ ಬಲ್ಲವರ ಬೆನ್ನಿಗೆ ಸವೆದ ಸರಳಿನಲ್ಲಿ ಮಿಕ್ಸರ್ ಕಟ್ಟಿ ಕಳಿಸುತ್ತೇವಲ್ಲ, ಅದು ನನ್ನ ಸಂಕಟ. ಟ್ರೇಲರ್ ಬಾಲ ಬೀಸಿದಾಗ ಪಿಕಪ್ಪಿನ ಬ್ರೇಕ್ ತುಳಿಯಬಾರದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿಯಬೇಕು ಎಂದು ಅವರಿಗೆ ಒಮ್ಮೆ ಹೇಳಿದರೆ ಸಾಕು, ಮರೆಯುವುದಿಲ್ಲ. ಆದರೆ ಪಿನ್ ಮುರಿದು ಮಿಕ್ಸರ್ ಬೇರೆಯಾದ ಮೇಲೆ ಯಾವ ಜಾಣ ಚಾಲಕನೂ ಏನೂ ಮಾಡಲಾರ. ಎದುರಿನಿಂದ ಶಾಲೆ ಬಿಟ್ಟ ಮಕ್ಕಳ ಆಟೊ ಬರುತ್ತಿರಬಹುದು.

ಅಮೆರಿಕದ ಸಾಮಾನನ್ನೆಲ್ಲ ಇಲ್ಲಿಗೆ ತನ್ನಿ ಎನ್ನುತ್ತಿಲ್ಲ. ಬಂಡೆ ಕೊರೆಯುವ ಕಂಪ್ರೆಸರ್, ಟ್ರಾಕ್ಟರ್ ಟ್ರೇಲರ್, ಇಂಥ ಭಾರದವಕ್ಕೆ ಬ್ರೇಕು ಬೇಕೇ ಬೇಕು. ಮಿಕ್ಸರಿನಂಥವಕ್ಕೆ ಸರಿಯಾದ ಅಳತೆಯ ಪಿನ್, ಅದಕ್ಕೆ ಕ್ಲಿಪ್, ಪಿನ್ ಮುರಿದರೂ ಹಿಡಿದುಕೊಳ್ಳುವ ಎರಡು ಸರಪಳಿ, ಹಿಂದೆ ದೀಪ ಇದ್ದರೆ ಈಗಿನ ಸ್ಥಿತಿಗಿಂತ ಎಷ್ಟೋ ವಾಸಿ.

ನನ್ನ ತಮ್ಮ ಊರಿನಲ್ಲಿ ಕಟ್ಟಡದ ಕೆಲಸ ಮಾಡಿಸುತ್ತಾನೆ, ಅವನಲ್ಲೂ ಒಂದು ಮಿಕ್ಸರ್ ಇದೆ. ಮಾರನೆಯ ವಾರ ಹಾಸನಕ್ಕೆ ಹೋದವನು ಹಾರ್ಡ್‌ವೇರ್ ಅಂಗಡಿಯಲ್ಲಿ ಸರಪಳಿ ತೂಗಿಸಿಕೊಂಡು ಬಂದೆ. ಮೂಡಿಗೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಪಿಕಪ್ಪಿನ ಚಾಸಿಗೆ ಎರಡು ಕೊಂಡಿ ಕೂರಿಸಿ, ಸರಪಳಿಗಳನ್ನು ಮಿಕ್ಸರಿನ ಮೂತಿಯ ಅಡಿಯಲ್ಲಿ ಕತ್ತರಿಯಾಕಾರದಲ್ಲಿ ಹಾಯಿಸಿದೆವು. ತಮ್ಮನ ಚಾಲಕ, "ನೇರ ಹಾಕಿದರೆ ಸಾಲದೇ ಅಣ್ಣ?" ಎಂದು ಕೇಳಿದ. ನಾನು ಪಿನ್ ತೆಗೆದು ಮೂತಿಯನ್ನು ಮೆಲ್ಲಗೆ ಕೆಳಕ್ಕೆ ಬಿಟ್ಟೆ. ಅದು ನೆಲಕ್ಕೆ ತಾಗದೆ ಸರಪಳಿಗಳ ನಡುವೆ ತೊಟ್ಟಿಲಿನಲ್ಲಿ ಮಲಗಿದಂತೆ ನಿಂತಿತು. ಅವನು ಕುಕ್ಕರಗಾಲಿನಲ್ಲಿ ಕುಳಿತು, ಮೂತಿಗೂ ನೆಲಕ್ಕೂ ನಡುವೆ ಅಂಗೈ ತೂರಿಸಿ ನೋಡಿದ. ಆಮೇಲೆ ತಾನೇ ಎದ್ದು ಹೋಗಿ, ಹಿಂದಿನ ದೀಪಕ್ಕೆ ವೈರು ಎಳೆಯಲು ಎಷ್ಟು ಹೊತ್ತಾಗುತ್ತದೆ ಎಂದು ವಿಚಾರಿಸಿದ. ಅರ್ಧ ಗಂಟೆ ಎಂದರು. ಇಬ್ಬರೂ ಅಲ್ಲೇ ಕಾದು ಕುಳಿತೆವು.