ಸತ್ಯಾಂಶ: ಉಳಿದ ವಿದೇಶಿ ಚಿಲ್ಲರೆ ಕಸವಲ್ಲ

'ಪ್ರವಾಸದಿಂದ ಉಳಿದ ವಿದೇಶಿ ನಾಣ್ಯ ಯಾರಿಗೂ ಬೇಡ, ದಾನ ಕೊಟ್ಟರೂ ವೇಸ್ಟ್' ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಇದು ಅರ್ಧ ಮಾತ್ರ ನಿಜ. ಹಣ ಬದಲಿಸುವ ಕೌಂಟರ್‌ಗಳು ಸಾಮಾನ್ಯವಾಗಿ ನಾಣ್ಯ ಮುಟ್ಟುವುದಿಲ್ಲ, ಹೌದು. ಆದರೆ ಯುನಿಸೆಫ್ 1987ರಿಂದ 'ಚೇಂಜ್ ಫಾರ್ ಗುಡ್' ಹೆಸರಲ್ಲಿ, ವಿಮಾನ ಕಂಪನಿಗಳ ಜೊತೆ ಸೇರಿ ಇದೇ ಚಿಲ್ಲರೆಯನ್ನು ಮಕ್ಕಳಿಗಾಗಿ ಕೂಡಿಸುತ್ತಿದೆ. ಸಿಬ್ಬಂದಿ ಕೊಡುವ ಪುಟ್ಟ ಲಕೋಟೆಗೆ ಮೂರು ದೇಶದ ನಾಣ್ಯ ಒಟ್ಟಿಗೆ ಸುರಿದರೂ ಪರವಾಗಿಲ್ಲ, ಆಮೇಲೆ ಬೇರ್ಪಡಿಸುತ್ತಾರೆ. ಒಬ್ಬರ ಚಿಲ್ಲರೆ ಬದಲಿಸುವ ಖರ್ಚಿಗೂ ಸಾಲದು. ಮೂಟೆಗಟ್ಟಲೆ ಸೇರಿದರೆ ಲೆಕ್ಕವೇ ಬೇರೆ, ಅಲ್ವಾ?

ಹಳೆಯ ನೋಟನ್ನೂ ಸುಮ್ನೆ ಎಸೆಯಬೇಡಿ. ಜರ್ಮನಿಯ ಮಾರ್ಕ್ ಚಲಾವಣೆಯಲ್ಲಿಲ್ಲ. ಆದರೂ ಅಲ್ಲಿನ ಕೇಂದ್ರ ಬ್ಯಾಂಕ್ ಅದನ್ನು ಇವತ್ತಿಗೂ ಯೂರೋಗೆ ಬದಲಿಸಿಕೊಡುತ್ತದೆ. ಫ್ರಾನ್ಸಿನ ಫ್ರಾಂಕ್ ನೋಟಿಗೆ ಮಾತ್ರ 2012ರಲ್ಲೇ ಗಡುವು ಮುಗಿದಿದೆ.