ಬೀಚಿನಲ್ಲಿ ಲೈಟ್ ಇಲ್ಲ, ಐದಕ್ಕೆ ಎರಡು ನಕ್ಷತ್ರ

ನಮ್ಮ ಭಾವ ಕಳೆದ ತಿಂಗಳು ಘಟ್ಟದ ಕೆಳಗಿನ ಒಂದು ಬೀಚಿನಿಂದ ಬಂದ ರಾತ್ರಿಯೇ ಗೂಗಲ್‌ನಲ್ಲಿ ಅದಕ್ಕೆ ಐದಕ್ಕೆ ಎರಡು ನಕ್ಷತ್ರ ಕೊಟ್ಟರು. "ಜಾಗ ಸ್ವಚ್ಛವಾಗಿದೆ, ಮೀನೂಟ ಚೆನ್ನಾಗಿದೆ, ಆದರೆ ಕತ್ತಲಾದ ಮೇಲೆ ಲೈಟ್ ಇಲ್ಲ" ಎಂದು ಬರೆದಿದ್ದರು. ಆ ಪ್ರವಾಸದಲ್ಲಿ ಅವರ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಹಾಗಾಗಿ ಉಳಿದ ಮೂರು ನಕ್ಷತ್ರಗಳ ಬಗ್ಗೆ ಎರಡು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಹೊಸನಗರ ಸೀಮೆಯ ನಮ್ಮಂಥವರಿಗೆ ಕಡಲು ಹತ್ತಿರವೂ ಹೌದು, ದೂರವೂ ಹೌದು. ಬಾನು ತಿಳಿಯಾಗಿದ್ದರೆ 1,343 ಮೀಟರ್ ಎತ್ತರದ ಕೊಡಚಾದ್ರಿಯಿಂದ ಪಶ್ಚಿಮಕ್ಕೆ ಒಂದು ಬೆಳ್ಳಿಯ ಗೆರೆ ಕಾಣುತ್ತದೆ, ಅದೇ ಕಡಲು ಎಂದು ದೊಡ್ಡವರು ಬೆರಳು ತೋರಿಸುತ್ತಿದ್ದರು. ಅದು ಬಿಟ್ಟರೆ ನಮ್ಮ ಪಾಲಿಗೆ ಕಡಲೆಂದರೆ ಪೋಂ ಪೋಂ ಹಾರ್ನ್ ಒತ್ತುತ್ತ ಘಟ್ಟ ಹತ್ತಿ ಬರುತ್ತಿದ್ದ ಮೀನಿನವರ ಬುಟ್ಟಿ. ಬೂತಾಯಿ, ಬಂಗುಡೆ, ಕರಗಿದ ಮಂಜುಗಡ್ಡೆಯ ನೀರು. ಅವರು ನಮ್ಮನ್ನು ಘಟ್ಟದವರು ಎನ್ನುತ್ತಿದ್ದರು, ನಾವು ಅವರನ್ನು ಕೆಳಗಿನವರು ಎನ್ನುತ್ತಿದ್ದೆವು. ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು.

ಆಗುಂಬೆ ಘಾಟಿ ಇಳಿದು ಮೊದಲು ಹೋದದ್ದು ಕಾಪುವಿಗೆ. ಅಲ್ಲಿಯ ದೀಪಸ್ತಂಭ 1901ರದು, ಸುಮಾರು 27 ಮೀಟರ್ ಎತ್ತರ. ಮರಳಿನ ದಂಡೆ ಇದ್ದಕ್ಕಿದ್ದಂತೆ ಮುಗಿದು ಕಪ್ಪು ಬಂಡೆಗಳ ರಾಶಿಯೊಂದು ನೀರಿಗೆ ತಲೆ ಕೊಟ್ಟು ನಿಂತಿದೆ, ಅದರ ನೆತ್ತಿಯ ಮೇಲೆ ಈ ಕಂಬ. ಸಂಜೆ ಸ್ವಲ್ಪ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಎಲ್ಲರೂ ಹತ್ತಿದರು, ನಾನು ಕೆಳಗೇ ಉಳಿದೆ. ಮಂಡಿನೋವು ಒಂದು ಕಾರಣ, ಬಂಡೆಗಳು ಇನ್ನೊಂದು. ಅಲೆ ಹಿಂದೆ ಸರಿದಾಗ ಬಂಡೆಯ ಸಂದಿಯಲ್ಲಿ ಪಚ್ಚಿಲೆಯ ಚಿಪ್ಪುಗಳು ಹೊಳೆಯುತ್ತವೆ. ನಮ್ಮ ನೆರಳು ಬೀಳುವುದೇ ತಡ, ಏಡಿಗಳು ಅಡ್ಡಡ್ಡಕ್ಕೆ ಓಡಿ ಮಾಯ. ಇನ್ನೊಂದು ಅಲೆ ಬಂದು ಎಲ್ಲವನ್ನೂ ಬಡಿದು ಹೋಗುತ್ತದೆ, ಹಿಂದೆ ಸರಿದಾಗ ನೋಡಿದರೆ ಒಂದು ಚಿಪ್ಪೂ ಅಲುಗಿರುವುದಿಲ್ಲ. ನಮ್ಮ ಮನೆಯ ಹೆಂಚು ಒಂದು ಮಳೆಗಾಲ ತಡೆಯುವುದಿಲ್ಲ.

ಕತ್ತಲಾದ ಮೇಲೆ ಮೇಲಿನ ದೀಪ ಮಿಂಚತೊಡಗಿತು. ಪ್ರತಿ ದೀಪಸ್ತಂಭಕ್ಕೂ ಅದರದೇ ತಾಳವಿದೆ. ಎಷ್ಟು ಸಲ ಮಿಂಚುತ್ತದೆ, ನಡುವೆ ಎಷ್ಟು ಸೆಕೆಂಡು ಸುಮ್ಮನಿರುತ್ತದೆ ಎಂದು ಎಣಿಸಿಯೇ ನಾವಿಕ ಇದು ಯಾವ ಊರಿನ ದೀಪ ಎಂದು ಗುರುತು ಹಿಡಿಯುತ್ತಾನೆ. ಒಂದೇ ಸಮನೆ ಉರಿದರೆ ಅದನ್ನು ದಡದ ನೂರು ದೀಪಗಳ ನಡುವೆ ಹುಡುಕಬೇಕಾಗುತ್ತದೆ. ಭಾವನಿಗೆ ಇದನ್ನು ಹೇಳಿದೆ. "ಹೌದಾ" ಎಂದು ಮೊಬೈಲಿನ ಟಾರ್ಚ್ ಹಾಕಿಕೊಂಡು ಚರುಮುರಿ ಹುಡುಕಲು ಹೋದರು.

ಮರುದಿನ ಕುಂದಾಪುರದ ಕೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿ, ನಡುವೆ ಮರಳಿನ ನಾಲಗೆ. ಅಲ್ಲೂ ಒಂದು ದೀಪಸ್ತಂಭ ಇದೆ. ಘಟ್ಟದವರಿಗೆ ಇಲ್ಲಿ ಸ್ವಲ್ಪ ಸಲಿಗೆ ಉಂಟು. ಸೇರುವ ಐದು ನದಿಗಳಲ್ಲಿ ವಾರಾಹಿ ನಮ್ಮ ಕಾಡಿನದು, ಸೌಪರ್ಣಿಕೆ ಕೊಡಚಾದ್ರಿಯ ಮಗ್ಗುಲಿನದು. ಚಕ್ರೆಯ ನೀರಿನ ಒಂದು ಪಾಲನ್ನು ನಾವು ಮೇಲೆಯೇ ಅಣೆಕಟ್ಟು ಕಟ್ಟಿ ಲಿಂಗನಮಕ್ಕಿಗೆ ತಿರುಗಿಸಿದ್ದೇವೆ. ಕುಂದಾಪುರದಲ್ಲಿ ಕಡಲು ಸೇರಬೇಕಾಗಿದ್ದ ನೀರು ಜೋಗದ ಕಡೆ ಸುತ್ತಿ ಹೊನ್ನಾವರಕ್ಕೆ ಹೋಗುತ್ತದೆ. ನಮ್ಮ ಮನೆಗಳ ಕರೆಂಟಿನಲ್ಲಿ ಅದೂ ಇದೆ. ಮಾತು ಲೈಟಿನದಾದ್ದರಿಂದ ಇದು ನೆನಪಾಯಿತು.

ಈ ದಂಡೆಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡಿನಲ್ಲಿ ಇನ್ನೂ ಹೆಚ್ಚು. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಗಳ ಹಾಗೆ, ತಾನು ಹುಟ್ಟಿದ ಸೀಮೆಯ ದಂಡೆಗೇ ಮರಳಿ ಬಂದು ಗುಂಡಿ ತೋಡಿ ನೂರರಷ್ಟು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಮುಂದಿನದೆಲ್ಲ ಮರಳಿನ ಕೆಲಸ. ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣುಮರಿ, ತಂಪಾಗಿದ್ದರೆ ಗಂಡು. ನಲವತ್ತೈದರಿಂದ ಅರವತ್ತು ದಿನಕ್ಕೆ ಮರಿಗಳು ಹೊರಬರುತ್ತವೆ, ಹೆಚ್ಚಾಗಿ ರಾತ್ರಿ ಹೊತ್ತು. ಅವುಗಳಿಗೆ ಗೊತ್ತಿರುವ ಲೆಕ್ಕ ಒಂದೇ, ಎಲ್ಲಿ ಬಾನಂಚು ಬೆಳ್ಳಗಿದೆಯೋ ಅಲ್ಲಿ ಕಡಲಿದೆ. ಅದೆಷ್ಟೋ ಕಾಲದಿಂದ ಆ ಲೆಕ್ಕ ತಪ್ಪಿರಲಿಲ್ಲ.

ದೋಣಿಯ ನೆರಳಿನಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ಬೇರೊಂದು ಊರಿನ ದಡದ ಕತೆ ಹೇಳಿದರು. ಊರಿನ ಹೆಸರು ಬೇಡ. ಬೆಳಗಿನ ಜಾವ ಬಲೆ ಎಳೆಯಲು ಹೋದವರಿಗೆ ಮರಳಿನ ಮೇಲೆ ಸಣ್ಣ ಸಣ್ಣ ಗೀರುಗಳು ಕಂಡವಂತೆ. ಎಲ್ಲವೂ ಕಡಲಿಗೆ ಬೆನ್ನು ಹಾಕಿ, ಲೈಟ್ ಉರಿಯುತ್ತಿದ್ದ ಒಂದು ರೆಸಾರ್ಟಿನ ಕಾಂಪೌಂಡಿನ ಕಡೆಗೆ ಹೋಗಿದ್ದವು. "ಗೋಡೆಯ ಬುಡದಲ್ಲಿ ಸಾಲಾಗಿ ಬಿದ್ದಿದ್ದವು ಮಾರಾಯರೇ. ಉಳಿದವನ್ನು ಬಕೆಟಿನಲ್ಲಿ ತುಂಬಿಕೊಂಡು ನೀರಿಗೆ ಬಿಟ್ಟೆವು. ಕಾಗೆಗಳು ಅಷ್ಟರಲ್ಲಿ ತಮ್ಮ ಕೆಲಸ ಮುಗಿಸಿದ್ದವು." ಅಷ್ಟು ಹೇಳಿ ಮತ್ತೆ ಬಲೆಗೆ ಕೈ ಹಾಕಿದರು. ಭಾವ ಏನೂ ಮಾತಾಡಲಿಲ್ಲ, ಆದರೂ ನಕ್ಷತ್ರ ಎರಡೇ ಬಿದ್ದವು.

ಕಡಲಾಮೆಗೆ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ ಇದೆ, ಹುಲಿಗೆ ಇರುವಷ್ಟೇ. ಅರಣ್ಯ ಇಲಾಖೆಯವರು ಗೂಡಿಗೆ ಬಲೆಯ ಬೇಲಿ ಕಟ್ಟುತ್ತಾರೆ, ಮೀನುಗಾರರು ಕಾವಲು ಕಾಯುತ್ತಾರೆ. ಆದರೆ ಆ ದಡದ ಲೈಟನ್ನು ಕೇಳಿದವರು ಯಾರು? ಶನಿವಾರ ಗಾಡಿ ಹತ್ತಿ ಇಳಿಯುವ ನಾವು, ಬೆಂಗಳೂರಿನವರು ಮತ್ತು ಘಟ್ಟದವರು. ಬಂದರಿಗೆ ಲೈಟ್ ಬೇಕು, ಊರಿನ ರಸ್ತೆಗೆ ಬೇಕು, ಕತ್ತಲಲ್ಲಿ ದೋಣಿ ಎಳೆಯುವವರಿಗೆ ಬೇಕು, ಇದರಲ್ಲಿ ತಕರಾರಿಲ್ಲ. ಅಲೆಯ ಮುಂದೆ ಸೆಲ್ಫಿ ಚೆನ್ನಾಗಿ ಬರಲಿ ಎಂದು ನೆಟ್ಟ ಬಿಳಿ ಫ್ಲಡ್‌ಲೈಟ್ ಯಾಕೆ ಬೇಕು? ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ರಾತ್ರಿ ಆರಿಸಲಿ. ಆಗದಿದ್ದರೆ ಮೊಣಕಾಲೆತ್ತರದಲ್ಲಿ, ನೀರಿನ ಕಡೆಗೆ ಮುಚ್ಚಿಗೆ ಹಾಕಿ, ಕೆಂಪು ಅಥವಾ ಹಳದಿಗೆಂಪು ದೀಪ ಹಾಕಲಿ. ಆಮೆಮರಿಗೆ ಆ ಬಣ್ಣದ ಸೆಳೆತ ಕಡಿಮೆ. ದೀಪಸ್ತಂಭದ ಬೆಳಕು ತೊಂದರೆ ಮಾಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ಎತ್ತರದಲ್ಲಿ, ಮಿಂಚಿ ಮರೆಯಾಗುವ ಬೆಳಕು. ನೆಲಮಟ್ಟದಲ್ಲಿ ರಾತ್ರಿಯಿಡೀ ಉರಿಯುವ ದೀಪದ ಹಾಗೆ ಕರೆಯುತ್ತ ಕೂರುವುದಿಲ್ಲ.

ಇಷ್ಟೆಲ್ಲ ಬರೆಯುವ ನನ್ನ ಅಂಗಳದಲ್ಲೇ ಮೂರು ವರ್ಷದಿಂದ ಒಂದು ಎಲ್‌ಇಡಿ ಫ್ಲಡ್‌ಲೈಟ್ ಇತ್ತು. ಒಣಗಲು ಹರಡಿದ ಅಡಿಕೆಗೆ ಕಳ್ಳರ ಭಯ. ಸೀಸನ್ ಮುಗಿದ ಮೇಲೂ ಯಾರೂ ಆರಿಸಲಿಲ್ಲ. ಮಳೆ ಹಿಡಿಯುವ ಮೊದಲು ತೋಟದ ತುಂಬ ಬರುತ್ತಿದ್ದ ಮಿಣುಕುಹುಳುಗಳು ಎಲ್ಲಿ ಹೋದವು ಎಂದು ಅಮ್ಮ ಹೋದ ವರ್ಷ ಕೇಳಿದ್ದರು. ಔಷಧಿ ಹೊಡೆಯುವುದು ಜಾಸ್ತಿಯಾಗಿದೆ ಎಂದು ಪಕ್ಕದ ತೋಟದವರ ಮೇಲೆ ಹಾಕಿ ಸುಮ್ಮನಾಗಿದ್ದೆ. ಹುಲಿಕಲ್ ಘಾಟಿ ಹತ್ತಿ ಮನೆಗೆ ಬಂದ ರಾತ್ರಿ ಅದರ ಸ್ವಿಚ್ ಆರಿಸಿದೆ.

ಮೊನ್ನೆ ಊಟಕ್ಕೆ ಬಂದಿದ್ದ ಭಾವ ಅಂಗಳದಲ್ಲಿ ಎಡವಿದರು. "ಏನಯ್ಯಾ, ಇಲ್ಲೂ ಲೈಟ್ ಇಲ್ಲವಾ?" ಎಂದರು. ಕೈಗೆ ಟಾರ್ಚ್ ಕೊಟ್ಟೆ. ನಕ್ಷತ್ರ ಎಷ್ಟು ಕೊಡುತ್ತೀರೋ ಮೇ ಕೊನೆಯ ವಾರ ಇನ್ನೊಮ್ಮೆ ಬಂದು ನೋಡಿ ಕೊಡಿ ಎಂದಿದ್ದೇನೆ.