ಆತ್ಮತೃಪ್ತಿಗೆ ಎಷ್ಟು ಲೈಕು ಬೇಕು?

ವಿಜಯಪುರ ಜಿಲ್ಲೆಯಲ್ಲಿ ಮಳೆಗೆ ಬರ ಬಂದೀತು, ಕವಿಗಳಿಗೆ ಬರುವುದಿಲ್ಲ. ಯಾಕೆ ಬರೀತೀರಿ ಅಂತ ಯಾರನ್ನೇ ಕೇಳಿ, ಉತ್ತರ ಒಂದೇ: ಆತ್ಮತೃಪ್ತಿಗಾಗಿ. ಹೆಸರಿಗಾಗಿ ಅಲ್ಲ, ದುಡ್ಡಿಗಾಗಿ ಅಲ್ಲ. ದುಡ್ಡಿನ ಮಾತು ನಿಜ, ಯಾರೂ ಕೊಡುವುದಿಲ್ಲ.

ನನಗೆ ಅನುಮಾನ ಇರುವುದು ಈ ಆತ್ಮದ ಮೇಲೆ. ಬರೆದು ಪೆನ್ನು ಮುಚ್ಚಿದ ಕೂಡಲೇ ಅದು ತೃಪ್ತಿಯಾಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಕವಿತೆಯನ್ನು ಫೇಸ್‌ಬುಕ್ಕಿಗೆ ಹಾಕಬೇಕು, ವಾಟ್ಸಾಪ್ ಬಳಗಗಳಿಗೆ ಕಳಿಸಬೇಕು, ಸ್ಟೇಟಸ್‌ಗೆ ಇಡಬೇಕು. ಆಮೇಲೆ ನೋಡಿದವರ ಪಟ್ಟಿ ತೆರೆದು ಕೂರಬೇಕು. ಭಾವ ನೋಡಿದ್ದಾನೆ. ಬೀಗರು ಇನ್ನೂ ನೋಡಿಲ್ಲ. ಸ್ಟೇಟಸ್ಸಿನ ಆಯುಷ್ಯ 24 ಗಂಟೆ. ಅಷ್ಟರೊಳಗೆ ಬೀಗರು ನೋಡದಿದ್ದರೆ ಮರುದಿನ ಅದೇ ಕವಿತೆ ಬೇರೆ ಗುಲಾಬಿಯ ಮೇಲೆ ಕೂತು ಮತ್ತೆ ಬರುತ್ತದೆ.

ಗಾಂಧಿ ಚೌಕದಲ್ಲಿ ಚಹಾ ಕುಡಿಯುವಾಗ ಕವಿಯೊಬ್ಬರು ಹಿಡಿದರು.

"ಸರ, ನಿನ್ನಿ ಹಾಕಿದ್ದು ನೋಡಿದ್ರಿಲ್ಲೋ?"

"ನೋಡೇನ್ರಿ, ಭಾಳ ಚೊಲೋ ಐತಿ."

"ಮತ್ತ ಕಮೆಂಟ್ ಹಾಕಿಲ್ಲಲ್ರಿ?"

ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅದರ ಸ್ಕ್ರೀನ್‌ಶಾಟ್ ತೆಗೆಯಲು ಬರುವುದಿಲ್ಲವಲ್ಲ.

ಕಮೆಂಟು ಮದುವೆಯ ಮುಯ್ಯಿ ಇದ್ದ ಹಾಗೆ. ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟುಕೊಳ್ಳಬೇಕು, ಅವರ ಮನೆ ಕಾರ್ಯಕ್ಕೆ ಅಷ್ಟೇ ತಿರುಗಿ ಹಾಕಬೇಕು. ಓದುವ ಷರತ್ತೇನೂ ಇಲ್ಲ. ನಮ್ಮ ಗೋಳಗುಮ್ಮಟ ಕೂಡ ಕೂಗಿದ ಮೇಲೆಯೇ ಮರುದನಿ ಕೊಡುತ್ತದೆ. ಇಲ್ಲಿ ಉದ್ದದ ಕವಿತೆ ಹಾಕಿ ಕೈ ತೆಗೆಯುವುದರೊಳಗೆ "ತುಂಬಾ ಅರ್ಥಪೂರ್ಣ ಸರ್" ಬಂದು ಕೂತಿರುತ್ತದೆ.

ಬಳಗಗಳದ್ದಂತೂ ದೊಡ್ಡ ಕಾರಭಾರ. ಸೋಮವಾರ ಚುಟುಕು, ಮಂಗಳವಾರ ಹನಿಗವನ, ಬುಧವಾರ ಗಜಲ್, ಗುರುವಾರ ಆಧುನಿಕ ವಚನ. ದಿನಾ ಸ್ಪರ್ಧೆ, ದಿನಾ ಫಲಿತಾಂಶ. ಅತ್ಯುತ್ತಮ, ಉತ್ತಮೋತ್ತಮ, ಉತ್ತಮ, ಮೆಚ್ಚುಗೆ ಪಡೆದ. ಸೋತವರನ್ನು ನಾನು ಇನ್ನೂ ಕಂಡಿಲ್ಲ. ತೀರ್ಪುಗಾರರು ನಿನ್ನೆ ಗೆದ್ದವರು. ಇವತ್ತು ಗೆದ್ದವರು ನಾಳೆಯ ತೀರ್ಪುಗಾರರು. ಗೆದ್ದವರಿಗೆಲ್ಲ ಫೋನಿನಲ್ಲೇ ಪ್ರಮಾಣಪತ್ರ ಬರುತ್ತದೆ. ಬಂಗಾರದ ಬಣ್ಣದ ಅಂಚು, ನಡುವೆ ಕವಿಯ ಫೋಟೋ, ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಅಡ್ಮಿನ್ ಮೂವರ ಸಹಿ, ಮೂಲೆಯಲ್ಲಿ ಸಣ್ಣದೊಂದು ಸರಸ್ವತಿ. ಕವಿತೆ ಮಾತ್ರ ಇರುವುದಿಲ್ಲ. ಜಾಗ ಎಲ್ಲಿದೆ?

ಬಸವನ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ. ಹಾಗಾಗಿ ಬೆಳಿಗ್ಗೆ ಶುಭೋದಯದ ಜೊತೆ ಒಂದು ವಚನ ಗ್ಯಾರಂಟಿ. ಮೊನ್ನೆ ಬಂದದ್ದು "ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ". ಪಕ್ಕದಲ್ಲೇ ಕಳಿಸಿದವರ ಫೋಟೋ. ಹೆಗಲ ಮೇಲೆ ಶಾಲು, ತಲೆಗೆ ಮೈಸೂರು ಪೇಟ. ಕೆಳಗೆ ಹೆಸರು, ಕಾವ್ಯನಾಮ, ಬಿರುದು, ಊರು, ತಾಲ್ಲೂಕು, ಮೊಬೈಲ್ ನಂಬರು. ಬಸವಣ್ಣನವರು ಹನ್ನೆರಡನೇ ಶತಮಾನದಲ್ಲಿ ವಚನದ ಕೊನೆಗೆ ಕೂಡಲಸಂಗಮದೇವ ಅಂತಿಟ್ಟು ಸುಮ್ಮನಾದರು. ತಮ್ಮ ಹೆಸರು ಹಾಕಲಿಲ್ಲ, ಫೋಟೋ ಅಂತೂ ಇಲ್ಲವೇ ಇಲ್ಲ. ಇವತ್ತಿನ ಬಳಗದಲ್ಲಿ ಅವರ ವಚನ ಸ್ಪರ್ಧೆಗೆ ಅನರ್ಹ.

ಆ ವಚನಗಳು ಈ ಫೋನಿನ ತನಕ ಬಂದದ್ದಾದರೂ ಹೇಗೆ? ಇದೇ ವಿಜಯಪುರದಲ್ಲಿ ಫ.ಗು. ಹಳಕಟ್ಟಿ ಅಂತ ವಕೀಲರಿದ್ದರು. ಊರೂರು, ಮನೆಮನೆ ತಿರುಗಿ ತಾಳೆಗರಿ ಕೂಡಿಹಾಕಿದರು. ತಾವು ಬರೆದದ್ದಲ್ಲ, ಬೇರೆಯವರು ಯಾವುದೋ ಕಾಲದಲ್ಲಿ ಹೇಳಿದ್ದು! 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಆಮೇಲೆ ತಮ್ಮದೇ ಪ್ರೆಸ್ ಬೇಕು ಅಂತ ಮನೆ ಮಾರಿ 1925ರಲ್ಲಿ ಇಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಶೇರ್ ಮಾಡುವುದಕ್ಕೆ ಮನೆ ಮಾರಿದ ಮನುಷ್ಯ. ನಮಗೆ ಡಾಟಾ ಪ್ಯಾಕ್ ಸಾಕು. ಅವರು ತೀರಿಕೊಂಡದ್ದು 1964ರಲ್ಲಿ, ಫೇಸ್‌ಬುಕ್ಕಿಗೆ ಲೈಕ್ ಗುಂಡಿ ಬಂದದ್ದು 2009ರಲ್ಲಿ. 45 ವರ್ಷದಲ್ಲಿ ತಪ್ಪಿಹೋಯಿತು ಪಾಪ.

ನೀನ್ಯಾಕೆ ಬರೀತೀಯಪ್ಪ ಅಂತ ನೀವು ಕೇಳಬಹುದು. ಹೊಗಳಲಿ ಅಂತ. ಯಾರಾದರೂ ದಾರಿಯಲ್ಲಿ ಸೈಕಲ್ ನಿಲ್ಲಿಸಿ "ಚೊಲೋ ಬರದೀರಿ" ಅನ್ನಲಿ ಅಂತ. ಅದರಲ್ಲಿ ನಾಚಿಕೆ ಏನು ಬಂತು? ಹೊಗಳಿಕೆ ಬೇಕು ಅನ್ನುವವರ ಮೇಲೆ ನನ್ನ ತಕರಾರಿಲ್ಲ. ನಡುವೆ ಆತ್ಮವನ್ನು ಯಾಕೆ ಎಳೆದು ತರುತ್ತೀರಿ ಅನ್ನುವುದಷ್ಟೇ. ಅದು ಪಾಪ, ಯಾವ ಬಳಗದಲ್ಲೂ ಮೆಂಬರ್ ಅಲ್ಲ.

ಜುಲೈ 2 ಹಳಕಟ್ಟಿಯವರು ಹುಟ್ಟಿದ ದಿನ. ಸರ್ಕಾರ ಅದನ್ನು ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸುತ್ತದೆ. ಬಳಗ ಸುಮ್ಮನಿರುತ್ತದೆಯೇ? ಸ್ಪರ್ಧೆ ಇಟ್ಟಿತು. ವಿಷಯ ಹಳಕಟ್ಟಿಯವರ ತ್ಯಾಗ. ಹದಿನಾರು ಸಾಲು ಮೀರಬಾರದು, ಭಾವಚಿತ್ರ ಕಡ್ಡಾಯ. ನಾನು ಅಡ್ಮಿನ್‌ಗೆ ಫೋನ್ ಹಚ್ಚಿದೆ.

"ಹಳಕಟ್ಟಿಯವರದು ಹಳೇ ಫೋಟೋ ಒಂದು ಐತ್ರಿ ನನ್ನ ಕಡೆ. ನಡೀತೈತೇನ್ರಿ?"

"ಅವರದ್ಯಾಕ್ರಿ ಸರ, ಅವರ್ನ ಎಲ್ಲಾರೂ ನೋಡ್ಯಾರ. ನಿಮ್ಮದು ಕಳಸ್ರಿ. ಪೇಟ ಇದ್ದದ್ದು."